ಹಾಡಿನ ನಡುವೆ ಒಂದು ಟಾವೆಲ್

ಪ್ರಜ್ಞಾಳ ಕಿವಿ ಬಲು ಚುರುಕು. ಇದು ಎಲ್ಲರಿಗೂ ಗೊತ್ತಿತ್ತು. ಅವಳ ನಾಲಿಗೆ ಕಿವಿಗಿಂತ ಚುರುಕು. ಇದೂ ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು. ಬಸವನ ಬಾಗೇವಾಡಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ಈ ಹುಡುಗಿಗೆ ಸಿನಿಮಾ ಹಾಡೆಂದರೆ ಅಷ್ಟಕ್ಕಷ್ಟೆ. ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಬರೆದು, ತಾವೇ ಬಾರಿಸಿ, ತಾವೇ ಹಾಡಿ ಮೊಬೈಲಿಗೆ ಬಿಡುವ ಬ್ಯಾಂಡುಗಳಿವೆಯಲ್ಲ, ಅವುಗಳ ಹುಚ್ಚು ಅವಳಿಗೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿದಳೆಂದರೆ ಸೊಲ್ಲಾಪುರ, ಹುಬ್ಬಳ್ಳಿ, ಒಮ್ಮೊಮ್ಮೆ ಪುಣೆ. ಕೇಳಿ ಬಂದದ್ದನ್ನು ‘ಕಿವಿಯ ಕೆಲಸ’ ಎಂಬ ತನ್ನ ಇನ್‌ಸ್ಟಾಗ್ರಾಂ ಪುಟದಲ್ಲಿ ಮುಖಮುಲಾಜಿಲ್ಲದೆ ಬರೆಯುತ್ತಿದ್ದಳು.

ಸೊಲ್ಲಾಪುರದಲ್ಲಿ ‘ಎಂಟನೇ ಮೈಲು’ ಬ್ಯಾಂಡನ್ನು ಕೇಳಿ, “ಗಿಟಾರಿನವನಿಗೆ ನಿದ್ದೆ, ಡ್ರಮ್ಮಿನವನಿಗೆ ಬಸ್ಸು ತಪ್ಪುವ ಅವಸರ, ಇವರಿಬ್ಬರ ಜಗಳದಲ್ಲಿ ಹಾಡು ಬಡವಾಯಿತು” ಎಂದಳು. ಪುಣೆಯ ಹಾಡುಗಾರ್ತಿಯೊಬ್ಬಳ ಹೊಸ ಆಲ್ಬಮ್ಮಿಗೆ, “ದನಿ ಚಿನ್ನ, ಆದರೆ ಏಳು ಹಾಡಿಗೂ ಒಂದೇ ಅಳು, ನಾಲ್ಕನೆಯದರ ಹೊತ್ತಿಗೆ ನನ್ನ ಕಣ್ಣೀರು ಖಾಲಿ” ಎಂದಳು. ಓದಿದವರು ನಕ್ಕರು, ಬೈಸಿಕೊಂಡವರು ಮುನಿಸಿಕೊಂಡರು. ಅವಳು ಮನಸಾರೆ ಹೊಗಳಿದ್ದು ಒಂದೇ ಬ್ಯಾಂಡನ್ನು, ಧಾರವಾಡದ ‘ಮುಚ್ಚಿದ ಟಾಕೀಸ್’. ಅದರ ಹಾಡುಗಾರ ಚೇತನಕುಮಾರ ಮುದ್ದೇಬಿಹಾಳದ ಕಡೆಯವನು. ಅವರ ‘ನಳ ಬರುವ ಹೊತ್ತು’ ಎಂಬ ಹಾಡಿನಲ್ಲಿ ಕೊಡ ಹಿಡಿದ ಹೆಂಗಸರು ನೀರಿಗೆ ಕಾಯುತ್ತಾರೆ. ನೀರು ಬರುತ್ತದೆ, ಹಾಡು ಏರುತ್ತದೆ, ನಡುವೆಯೇ ನಳ ನಿಂತುಬಿಡುತ್ತದೆ. ಅಲ್ಲಿ ಗಿಟಾರು, ಡ್ರಮ್ಮು, ದನಿ ಎಲ್ಲವೂ ಒಮ್ಮೆಲೇ ಬಂದ್. ಬಹಳ ಹೊತ್ತಾಗಿ, ಇನ್ನು ಬರುವುದಿಲ್ಲ ಎಂದುಕೊಂಡಾಗ, ದನಿಯೊಂದೇ ಮೆಲ್ಲಗೆ ಹನಿಯುತ್ತದೆ. “ಈ ಹಾಡಿನಲ್ಲಿ ಕೇಳಬೇಕಾದ್ದು ಆ ಮೌನವನ್ನು. ಅಲ್ಲಿ ಕೆಮ್ಮಿದವರಿಗೂ ಪಾಪ ಬರುತ್ತದೆ” ಎಂದು ಬರೆದಿದ್ದಳು.

ಆ ಬ್ಯಾಂಡಿನವರು ದೊಡ್ಡ ಊರುಗಳನ್ನು ಬಿಟ್ಟು ತಾಲೂಕು ಊರುಗಳಲ್ಲಿ ಹಾಡಿ, ಅಲ್ಲಿ ರೆಕಾರ್ಡ್ ಮಾಡಿಕೊಂಡದ್ದನ್ನೇ ಎರಡನೆಯ ಆಲ್ಬಮ್ ಮಾಡುತ್ತಾರೆಂದು ಸುದ್ದಿ ಬಂತು. ಪ್ರಜ್ಞಾ ಬೆನ್ನು ಹತ್ತಿ ಅವರನ್ನು ಸಿಂದಗಿಗೆ ಕರೆಸಿದಳು. ಕಲ್ಯಾಣ ಮಂಟಪ ಗೊತ್ತು ಮಾಡಿದ್ದು, ಜನ ಕೂಡಿಸಿದ್ದು ಎಲ್ಲ ಅವಳೇ. ಕರೆಸಿದ ಮೇಲೆ ಶುರುವಾಯಿತು ಅಂಜಿಕೆ. ನಮ್ಮ ಮಂದಿ ಸಿಳ್ಳೆ ಹೊಡೆದರೆ? ಸಿನಿಮಾ ಹಾಡು ಹಾಡ್ರಿ ಎಂದು ಕೂಗಿದರೆ? ಬಾಗಿಲಲ್ಲೇ ನಿಂತು ಬಂದವರಿಗೆಲ್ಲ, “ಹಾಡು ನಡೆದಾಗ ಏಳಬ್ಯಾಡ್ರಿ, ಮಾತಾಡಬ್ಯಾಡ್ರಿ” ಎಂದು ಪಾಠ ಹೇಳಿದಳು. ಹೇಳದೆ ಬಿಟ್ಟದ್ದು ತನ್ನ ಅಪ್ಪನಿಗೆ ಮಾತ್ರ.

ಅಪ್ಪ ಚಂದಪ್ಪ ತಾಂಬಾದ ಗೌಂಡಿ. ಹಗಲು ಇಟ್ಟಿಗೆ ಸಿಮೆಂಟು, ಸಂಜೆಯಾದರೆ ಹಾಡು. ಕನ್ನೊಳ್ಳಿಯ ಭಜನೆ ಇರಲಿ, ಬುದ್ಧವಿಹಾರದ ಮುಂದಿನ ಭೀಮಗೀತೆ ಇರಲಿ, ಗೀಗೀ ಮೇಳ ಇರಲಿ, ಚಂದಪ್ಪ ಮೊದಲ ಸಾಲಿನಲ್ಲಿ ಹಾಜರು. ಈ ಸೀಮೆಯಲ್ಲಿ ಹಾಡು ಕೇಳುವುದಕ್ಕೂ ಒಂದು ಪದ್ಧತಿಯಿದೆ. ಹಾಡು ಮನಸ್ಸಿಗೆ ನಾಟಿದರೆ ಕೇಳುವವನು ಸುಮ್ಮನೆ ಕೂಡುವುದಿಲ್ಲ. ನಡು ಹಾಡಿನಲ್ಲೇ ಎದ್ದು ಹೋಗಿ ಹಾಡುವವನ ಹೆಗಲಿಗೆ ಟಾವೆಲ್ ಹೊದಿಸುತ್ತಾನೆ. ಅದಕ್ಕೆ ಆಯೇರಿ ಎನ್ನುತ್ತಾರೆ. ಹಾಡುವವನು ಅಲ್ಲಿಗೇ ಹಾಡು ನಿಲ್ಲಿಸಿ, ಇಂಥ ಊರಿನ ಇಂಥವರಿಂದ ಆಯೇರಿ ಬಂದಿದೆ, ಅವರ ಮನೆ ತಣ್ಣಗಿರಲಿ ಎಂದು ಸಾರಿ, ಬಿಟ್ಟ ಸಾಲಿನಿಂದ ಮತ್ತೆ ಎತ್ತಿಕೊಳ್ಳುತ್ತಾನೆ. ಯಾರೂ ಎದ್ದು ಬರಲೇ ಇಲ್ಲವೆಂದರೆ ಆ ಹಾಡು ಬಿತ್ತು ಎಂದೇ ಅರ್ಥ. ಚಂದಪ್ಪನ ಆಯೇರಿ ಎಂದರೆ ಸುತ್ತಲಿನ ಹಾಡುಗಾರರಿಗೆ ಅದೊಂದು ಮರ್ಯಾದೆ. ಅಂಥವನು ಮಗಳೇ ಕರೆಸಿದ ಮೇಳಕ್ಕೆ ಬರಿಗೈಯಲ್ಲಿ ಬರುತ್ತಾನೆಯೇ? ಕೆಂಪಂಚಿನ ಹೊಸ ಟಾವೆಲ್ಲನ್ನು ಚೀಲದಲ್ಲಿ ಇಟ್ಟುಕೊಂಡೇ ಬಂದಿದ್ದ.

ಮೊದಲ ಸಾಲಿನಲ್ಲಿ ಪ್ರಜ್ಞಾ, ಅವಳ ಬಲಕ್ಕೆ ಅಪ್ಪ, ಎಡಕ್ಕೆ ಅದೇ ಶಾಲೆಯಲ್ಲಿ ಕಲಿಸುವ ಗೆಳತಿ ಆಯೇಶಾ. ಚಂದಪ್ಪ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೇಳುತ್ತಿದ್ದ. ‘ನಳ ಬರುವ ಹೊತ್ತು’ ಬಂತು. ಹಾಡು ಏರಿತು, ನಿಂತಿತು. ಮಂಟಪದಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಚಂದಪ್ಪ ಕಣ್ಣು ತೆರೆದ. ಆತನಿಗೆ ತಿಳಿದ ಮಟ್ಟಿಗೆ ನಡು ಹಾಡಿನಲ್ಲಿ ಹಾಡುವವನು ನಿಲ್ಲುವುದು ಒಂದೇ ಕಾರಣಕ್ಕೆ, ಆಯೇರಿಗೆ. ಯಾರೂ ಏಳುತ್ತಿಲ್ಲ, ಪಾಪ, ಹುಡುಗ ಕಾಯುತ್ತ ನಿಂತಿದ್ದಾನೆ ಎಂದುಕೊಂಡು ಚಪ್ಪಲಿ ಬಿಟ್ಟು, ಟಾವೆಲ್ಲಿನ ಮಡಿಕೆ ಬಿಡಿಸುತ್ತ ಎದ್ದ. ಪ್ರಜ್ಞಾ ಅಂಗಿಯ ತುದಿ ಹಿಡಿದು ಜಗ್ಗಿದಳು. ಆತ ತಬ್ಬಿಬ್ಬಾಗಿ ಕೂತ. ನಾಚಿಕೆಗೆ ಅವಳ ಮೈಯೆಲ್ಲ ಉರಿಯಿತು. ಆಯೇಶಾಳ ಕಡೆ ತಿರುಗಿ ಪಿಸುಗುಟ್ಟಿದಳು:

“ಇವನ್ನ ಕರ್ಕೊಂಡು ಬರಬಾರದಿತ್ತ ನೋಡು. ಎಲ್ಲಿ ಹ್ವಾದ್ರೂ ಇದ ಹಣೇಬಾರ. ನಮ್ಮಪ್ಪ ಅಂತ ಹೇಳಾಕ ನಾಚಿಕಿ ಬರತೈತಿ.”

ಚಂದಪ್ಪನ ಎಡಗಿವಿ ಮೊದಲಿನಿಂದ ಮಂದ. ಮಗಳ ಕಡೆಗಿದ್ದದ್ದು ಅದೇ ಕಿವಿ, ಹಾಗಾಗಿ ಮಾತು ಕೇಳಿಸಲಿಲ್ಲ. ದನಿ ಮತ್ತೆ ಹನಿಯಿತು, ಹಾಡು ಮುಗಿಯಿತು, ಚಪ್ಪಾಳೆ ಬಿತ್ತು. ಹೊರಗೆ ಬಂದ ಮೇಲೆ ಆತ ಟಾವೆಲ್ಲನ್ನು ಮತ್ತೆ ಚೀಲಕ್ಕೆ ಸೇರಿಸುತ್ತ ಕೇಳಿದ: “ಚಲೋ ಹಾಡಿದ್ರವ್ವಾ. ಆದ್ರ ಒಬ್ಬರೂ ಆಯೇರಿ ಮಾಡ್ಲಿಲ್ಲಲ್ಲ, ಆ ಹುಡುಗ ಏನ ತಿಳ್ಕೊಂಡಾನು?”

“ಅವ್ರಿಗೆ ಅವೆಲ್ಲ ಬೇಕಿಲ್ಲಪ್ಪಾ,” ಎಂದಳು ಪ್ರಜ್ಞಾ, ಅತ್ತ ನೋಡುತ್ತ.

ಮರುದಿನ ಪುಟಕ್ಕೆ ಹಾಕಲು ಫೋಟೋ ಆರಿಸುತ್ತಿದ್ದಾಗ ಅವಳ ಕೈ ನಿಂತಿತು. ಹಾಡು ಶುರುವಾಗುವ ಮೊದಲು ಆಯೇಶಾ ತೆಗೆದ ಫೋಟೋ. ಅಪ್ಪ, ಮಗಳು ಅಕ್ಕಪಕ್ಕ ಕೂತು ನಗುತ್ತಿದ್ದಾರೆ. ಅವರ ಮೊಳಕಾಲಿನ ಮುಂದೆಯೇ ಒಂದು ಗಿಡ್ಡ ಸ್ಟ್ಯಾಂಡು, ಅದರ ಮೇಲೊಂದು ಮೈಕು. ಉಳಿದ ಮೈಕುಗಳೆಲ್ಲ ಹಾಡುವವರ ಕಡೆ ಮುಖ ಮಾಡಿದ್ದರೆ ಇದು ಜನರ ಕಡೆ ಮುಖ ಮಾಡಿತ್ತು. ಚಪ್ಪಾಳೆ, ಕೂಗು ಹಿಡಿಯಲು ಇಡುವ ಮೈಕು. “ಕೇಳುಗರ ಉಸಿರೂ ಕೇಳಿಸುತ್ತದೆ” ಎಂದು ಎಷ್ಟೋ ಆಲ್ಬಮ್ಮುಗಳನ್ನು ಮೆಚ್ಚಿ ಬರೆದವಳಿಗೆ ಅದನ್ನು ಬೇರೆ ಯಾರಾದರೂ ಹೇಳಬೇಕಿತ್ತೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡಿದ ಮಾತು ಹೋಗಲೂ ಇಲ್ಲ. ಧಾರವಾಡದ ಯಾವುದೋ ಕೋಣೆಯ ಕಂಪ್ಯೂಟರಿನಲ್ಲಿ ಹಾಗೇ ಕೂತಿತ್ತು.

ಅಲ್ಲಿಂದ ಅವಳಿಗೆ ಅನ್ನ ನೀರು ರುಚಿಸಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಅರ್ಧಕ್ಕೆ ಬಿಟ್ಟು ಕಿಟಕಿ ನೋಡುತ್ತ ನಿಂತಳು. ಮಕ್ಕಳು ತಾವೇ ಉತ್ತರ ಹೇಳಿ ಮುಗಿಸಿದರು. “ಅಷ್ಟು ಸಣ್ಣಾಗಿ ಹೇಳಿದ್ದು ಬಂದಿರೂದಿಲ್ಲ ಬಿಡ, ಪ್ರಜ್ಞಾ,” ಎಂದು ಆಯೇಶಾ ಸಮಾಧಾನ ಮಾಡಿದಳು. ಆದರೆ ಆ ಮೌನ ಎಷ್ಟು ಚೊಕ್ಕ ಎಂಬುದು ಪ್ರಜ್ಞಾಳಷ್ಟು ಯಾರಿಗೆ ಗೊತ್ತು? ಅದರಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆ. ಕೊನೆಗೆ ಧೈರ್ಯ ಮಾಡಿ ಚೇತನಕುಮಾರನಿಗೆ ಮೆಸೇಜ್ ಹಾಕಿದಳು: ಸಿಂದಗಿಯ ಹಾಡಿನಲ್ಲಿ ಜನರ ಮೈಕಿನ ಸದ್ದು ತೆಗೆದರೆ ಚೆನ್ನಾಗಿರುತ್ತದೇನೋ. ಅವನಿಂದ ಕೂಡಲೇ ವಾಯ್ಸ್ ಮೆಸೇಜ್ ಬಂತು.

“ಏ, ಇಲ್ರಿ ಮೇಡಂ! ಆ ಮೌನದಾಗ ಹಾಡು ಐತಿ ಅಂತ ನೀವ ಬರದಿದ್ರಲ್ರಿ. ಅದನ್ನ ನಾವು ಒಂಚೂರೂ ಮುಟ್ಟಿಲ್ಲ. ಯಾರೋ ಏನೋ ಪಿಸುಗುಟ್ಟಿದ್ದೂ ಬಂದೈತಿ. ಅದರಿಂದನ ಜೀವ ಬಂದೈತ್ರಿ.”

ಆ ‘ಯಾರೋ’ ನಾನೇ, ಅದು ನಮ್ಮಪ್ಪನಿಗೆ ಅಂದದ್ದು ಎಂದು ಬರೆಯಬೇಕಿತ್ತು. ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಊರಿನವರ ಹಾಡನ್ನೆಲ್ಲ ಬಿಡಿಸಿ ಬಿಡಿಸಿ ತಪ್ಪು ತೋರಿಸುವವಳಿಗೆ ತನ್ನ ಒಂದು ಸಾಲು ಒಪ್ಪಿಕೊಳ್ಳುವುದಕ್ಕೆ ಬೆರಳು ಬರಲಿಲ್ಲ. ಅಷ್ಟರಲ್ಲಿ ಆಲ್ಬಮ್ಮನ್ನು ಹಾಡಿನ ಆ್ಯಪುಗಳಿಗೆ ಕಳಿಸಿಯಾಗಿದೆ, ಇಂಥ ರವಿವಾರ ಬಿಡುಗಡೆ ಎಂದು ಅವರು ಸಾರಿಬಿಟ್ಟರು.

ಇತ್ತ ತಾಂಬಾದಲ್ಲಿ ಚಂದಪ್ಪನ ಸಂಭ್ರಮವೇ ಬೇರೆ. ಮಗಳ ಹಾಡಿನ ಹುಚ್ಚಿನ ಬಗ್ಗೆ ಹಿಂದೆಂದೂ ಕೇಳದವನು ಈಗ ದಿನಾ ಫೋನು ಮಾಡಿ, “ಯವ್ವಾ, ನಮ್ಮ ಆಲ್ಬಮ್ ಬಂತೇನು?” ಎನ್ನುತ್ತಿದ್ದ. ನಮ್ಮ ಆಲ್ಬಮ್! ನಬಿಸಾಬನ ಚಹಾದ ಹೋಟೆಲಿನಲ್ಲಿ ಕೂತು, ನನ್ನ ಮಗಳು ಕರೆಸಿದ ಮೇಳ, ನಾನೇ ಮುಂದೆ ಕೂತು ಕೇಳಿದ ಹಾಡು ಎಂದು ಬಂದವರಿಗೆ ಹೋದವರಿಗೆ ಹೇಳಿದ್ದ. ಆ ರವಿವಾರ ಮುಂಜಾನೆ ಹೋಟೆಲಿನ ಸ್ಪೀಕರಿಗೆ ಹಚ್ಚುವುದೆಂದು ನಬಿಸಾಬನೂ ಒಪ್ಪಿದ್ದ. ಮಗಳ ಬಾಯಿಂದ ಬಂದ ಮಾತನ್ನು ಆತ ಊರ ಮುಂದೆ ಕೂತು ಕೇಳಲಿದ್ದ. ಪ್ರಜ್ಞಾಳಿಗೆ ಅದೊಂದೇ ಯೋಚನೆ. ಹೇಗಾದರೂ ಮಾಡಿ ಅಷ್ಟರೊಳಗೆ ಊರು ಮುಟ್ಟಬೇಕು. ಅಪ್ಪನನ್ನು ಹೋಟೆಲಿನಿಂದ ಎಬ್ಬಿಸಬೇಕು.

ರವಿವಾರ ಮೊದಲ ಬಸ್ಸಿಗೇ ಬಾಗೇವಾಡಿ ಬಿಟ್ಟಳು. ದೇವರ ಹಿಪ್ಪರಗಿ ನಿಲ್ದಾಣದಲ್ಲಿ ಬಸ್ಸು ನಿಂತಾಗ ಮೊಬೈಲಿಗೆ ಆಲ್ಬಮ್ ಇಳಿಯಿತು. ಇಯರ್‌ಫೋನ್ ಹಾಕಿಕೊಂಡಳು. ನೇರ ಸಿಂದಗಿಯ ಹಾಡಿಗೆ ಹೋಗುವ ಧೈರ್ಯವಾಗದೆ ಮೊದಲಿನಿಂದ ಕೇಳಿದಳು. ಹುಟ್ಟುಗುಣ ಸುಡಗಾಡಿಗೆ ಹೋದರೂ ಬಿಡದು ನೋಡಿ, ಅಂಥ ಸಂಕಟದಲ್ಲೂ ಕಿವಿ ತನ್ನ ಕೆಲಸ ಬಿಡಲಿಲ್ಲ. ಮೊದಲನೆಯದರಲ್ಲಿ ಡ್ರಮ್ಮು ಒಂಚೂರು ಮುಂದೆ ಬಂದಿದೆ ಅಂದಿತು. ಎರಡನೆಯದರಲ್ಲಿ ಮಳೆಗೆ ತಗಡು ಸದ್ದು ಮಾಡಿದ್ದನ್ನು ಹಾಗೇ ಬಿಟ್ಟದ್ದು ಸೊಗಸು ಅಂದಿತು. ಆಮೇಲೆ ‘ನಳ ಬರುವ ಹೊತ್ತು’ ಶುರುವಾಗಿ, ಏರಿ, ನಿಂತಿತು. ಕುರ್ಚಿ ಕಿರುಗುಟ್ಟಿತು. ಚಪ್ಪಲಿ ಬಿಟ್ಟ ಸಪ್ಪಳ. ಬಟ್ಟೆ ಸರಿದ ಸಪ್ಪಳ. ಆಮೇಲೆ ಅವಳದೇ ದನಿ, ಒಂದಕ್ಷರ ಬಿಡದಂತೆ. ಅಷ್ಟು ಹಗುರಾದ ದನಿಯಲ್ಲಿ ಅಷ್ಟು ಹೊಲಸು ಮಾತು. ತನಗೆ ತಾನೇ ಅಸಹ್ಯವಾದಳು.

ತಾಂಬಾದಲ್ಲಿ ಬಸ್ಸಿಳಿದು ಬಿರಬಿರನೆ ಹೋದರೆ ಹೋಟೆಲಿನಲ್ಲಿ ಸ್ಪೀಕರು ಆಗಲೇ ಹಾಡುತ್ತಿತ್ತು. ಎರಡನೆಯ ಹಾಡು ಮುಗಿಯುತ್ತ ಬಂದಿತ್ತು. ಚಂದಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಲಗಿವಿಯನ್ನು ಸ್ಪೀಕರಿನ ಕಡೆ ಮಾಡಿ ಕೂತಿದ್ದ. ಸುತ್ತ ಐದಾರು ಮಂದಿ.

“ಬರ್ರಿ ಟೀಚರ್, ಬರೋಬರಿ ಟೈಮಿಗೆ ಬಂದ್ರಿ,” ಎಂದ ನಬಿಸಾಬ.

“ಅಪ್ಪಾ, ಮನಿಗೆ ನಡಿ. ಅವ್ವ ಕಾಯಾಕತ್ತಾಳ. ಅಲ್ಲೇ ಕೇಳೂಣು.”

“ತಡಿಯವ್ವಾ. ಸಿಂದಗಿದು ಈಗ ಬರತೈತಿ. ಇಷ್ಟು ಮಂದಿ ಅದಕ್ಕಂತ ಕುಂತಾರ.”

ಹೋಗಿ ಸ್ಪೀಕರು ಬಂದ್ ಮಾಡಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ. ಮಾಡದಿದ್ದರೆ? ಅವಳು ಬಾಗಿಲಲ್ಲೇ ನಿಂತಳು. ಹಾಡು ಬಂತು, ಏರಿತು, ನಿಂತಿತು. ಒಲೆಯ ಮೇಲಿನ ಚಹಾ ಕುದಿಯುವುದೊಂದು ಕೇಳುತ್ತಿತ್ತು. ಆಮೇಲೆ ಹೋಟೆಲಿನ ತುಂಬ ಅವಳ ದನಿ ಹರಿಯಿತು. ‘ನಮ್ಮಪ್ಪ ಅಂತ ಹೇಳಾಕ ನಾಚಿಕಿ ಬರತೈತಿ.’

ಬಸಿಯಲ್ಲಿ ಚಹಾ ಹುಯ್ದುಕೊಂಡಿದ್ದ ಮಲಿಕಸಾಬ ಅದನ್ನು ಬಾಯಿಯ ಹತ್ತಿರವೇ ಹಿಡಿದು ಕೂತ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸ್ಪೀಕರಿನಲ್ಲಿ ಚೇತನಕುಮಾರನ ದನಿ ಮತ್ತೆ ಹನಿಯತೊಡಗಿತು. ಚಂದಪ್ಪ ಇನ್ನೂ ಕಿವಿ ಅದೇ ಕಡೆ ಇಟ್ಟುಕೊಂಡಿದ್ದ. ಆಮೇಲೆ ತಲೆ ಎತ್ತಿ ಎಲ್ಲರನ್ನೂ ನೋಡಿ ನಕ್ಕ.

“ನನ್ನ ಮಗಳ ದನಿ,” ಎಂದ. “ಕೇಳಿದ್ರಿಲ್ಲೋ? ಆಲ್ಬಮ್ಮಿನ್ಯಾಗ ನನ್ನ ಮಗಳ ದನಿ ಬಂದೈತಿ. ಇನ್ನೊಮ್ಮಿ ಹಚ್ಚೋ ನಬಿ.”

ನಬಿಸಾಬ ಗುಂಡಿ ಒತ್ತಿ ಹಾಡು ನಿಲ್ಲಿಸಿದ. “ಚಾರ್ಜ್ ಮುಗೀತಣ್ಣ,” ಎಂದು ಒಲೆ ಒರೆಸುವ ಬಟ್ಟೆಯನ್ನು ಸ್ಪೀಕರಿನ ಮೇಲೆ ಹಾಕಿದ. ಬಟ್ಟೆಯ ಅಂಚಿನಿಂದ ನೀಲಿ ದೀಪ ಇನ್ನೂ ಕಾಣುತ್ತಿತ್ತು. ಚಂದಪ್ಪನೂ ಅದನ್ನು ನೋಡಿದ.

ಮನೆಯಲ್ಲಿ ಅವ್ವ ರೇಣವ್ವ ರೊಟ್ಟಿ, ಜುಣಕ ಬಡಿಸಿದಳು. “ಹೆಂಗ ಬಂದೈತಿ ಹಾಡು?” ಎಂದು ಕೇಳಿದಳು. “ಚಲೋ ಬಂದೈತಿ,” ಎಂದ ಚಂದಪ್ಪ. ಅಪ್ಪನಿಗೆ ತಿಳಿಯಿತೋ ಇಲ್ಲವೋ? ದನಿ ಕೇಳಿ ಮಾತು ಕೇಳದೆ ಹೋಯಿತೇ? ಪ್ರಜ್ಞಾ ರೊಟ್ಟಿ ಮುರಿಯುತ್ತ ಕೂತಳು. ಬೈದಿದ್ದರೆ ಬದುಕುತ್ತಿದ್ದಳು. “ಅಪ್ಪಾ, ಅದು ಅವತ್ತ…” ಎಂದು ಬಾಯಿ ತೆರೆದರೆ, “ಇನ್ನೊಂದ ರೊಟ್ಟಿ ಹಾಕ್ಕೋ,” ಎಂದು ಆತನೇ ಅವಳ ತಾಟಿಗೆ ಹಾಕಿದ.

ತಿಳಿದಿತ್ತು ಎಂಬುದು ಬಸ್‌ಸ್ಟ್ಯಾಂಡಿನಲ್ಲಿ ಗೊತ್ತಾಯಿತು. ಬಸ್ಸು ಬರುವ ಹೊತ್ತಿಗೆ ಚಂದಪ್ಪ ಚೀಲದಿಂದ ಕೆಂಪಂಚಿನ ಟಾವೆಲ್ ತೆಗೆದು ಅವಳ ಕೈಗಿಟ್ಟ. ಅವತ್ತಿನ ಮಡಿಕೆಯ ಮೇಲೇ ಮತ್ತೆ ಮಡಿಸಿ ಇಟ್ಟಿದ್ದ.

“ಅವತ್ತ ಕೊಡೂದು ಉಳೀತು. ಹಾಡಿದವ್ರ ಋಣ ಇಟ್ಕೋಬಾರದು. ಮುಂದ ಅವ್ರು ಎಲ್ಲ್ಯಾರ ಹಾಡಿದ್ರ ನೀನ ಹೊಚ್ಚಿ ಬಾ.”

“ನೀನೂ ಬಾ ಅಪ್ಪಾ.”

“ಬಸ್ಸಿನ್ಯಾಗ ಕುಂತ್ರ ಮೊಳಕಾಲು ನೋಯ್ತಾವು.” ಆತ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದ. “ಮತ್ತ, ನನ್ನ ಹೆಸರ ಹೇಳಬ್ಯಾಡ. ಹಂಗ ಕೊಡು.”

ಆಯೇರಿಗೆ ಹೆಸರೇ ಜೀವ. ಹೆಸರಿಲ್ಲದ ಆಯೇರಿಯನ್ನು ಚಂದಪ್ಪ ತನ್ನ ಜನ್ಮದಲ್ಲಿ ಕೊಟ್ಟವನಲ್ಲ.

ಆ ಆಲ್ಬಮ್ಮಿನ ಬಗ್ಗೆ ಪ್ರಜ್ಞಾ ಒಂದು ಸಾಲೂ ಬರೆಯಲಿಲ್ಲ. ‘ಕಿವಿಯ ಕೆಲಸ’ದ ಓದುಗರು, ಏನಾಯಿತು ಮೇಡಂ, ಬಾಯಿ ಕಟ್ಟಿತೇ ಎಂದು ಕಾಲೆಳೆದರು. ಮುಂದೆ ಚೇತನಕುಮಾರನ ಊರು ಮುದ್ದೇಬಿಹಾಳದಲ್ಲಿ ಬ್ಯಾಂಡಿನ ಕಾರ್ಯಕ್ರಮ ಗೊತ್ತಾಯಿತು. ಅಪ್ಪನನ್ನು ಫೋನಿನಲ್ಲಿ ಪರಿಪರಿಯಾಗಿ ಕರೆದಳು. ಮತ್ತದೇ ಮೊಳಕಾಲಿನ ನೆವ. ಹಿಂದಿನ ವಾರವಷ್ಟೇ ಸೈಕಲ್ ತುಳಿದು ಹೋಗಿ ಭಜನೆ ಕೇಳಿ ಬಂದಿದ್ದಾನೆಂದು ಅವ್ವ ಹೇಳಿದ್ದಳು.

ಮುದ್ದೇಬಿಹಾಳದ ಆ ಸಂಜೆ ಅವಳು ಒಂದು ಹಾಡನ್ನೂ ನೆಟ್ಟಗೆ ಕೇಳಲಿಲ್ಲ. ಟಾವೆಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚನ್ನು ಹಿಚುಕುತ್ತ ಕೂತಳು. ಹಾಡು ಮುಗಿದ ಮೇಲೆ ಹಿಂದೆ ಹೋಗಿ ಕೊಟ್ಟರಾಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಮನಸ್ಸು. ಅಪ್ಪ ಹಾಗೆ ಕೊಡುತ್ತಿದ್ದನೇ ಎಂದು ಇನ್ನೊಂದು ಮನಸ್ಸು. ಅಷ್ಟರಲ್ಲಿ ‘ನಳ ಬರುವ ಹೊತ್ತು’ ಬಂದೇಬಿಟ್ಟಿತು. ಏರಿತು. ನಿಂತಿತು.

ಪ್ರಜ್ಞಾ ಚಪ್ಪಲಿ ಬಿಟ್ಟು ಎದ್ದಳು. “ಏ ತಂಗಿ, ಕುಂದ್ರು!” ಎಂದು ಹಿಂದಿನಿಂದ ಯಾರೋ ಗದರಿದರು, ಇನ್ನಾರೋ ಕಿಸಕ್ಕನೆ ನಕ್ಕರು. ಸಿಂದಗಿಯಲ್ಲಿ ಅಪ್ಪ ಅಂಗಿ ಜಗ್ಗಿಸಿಕೊಂಡು ಕೂತಾಗ ಹೇಗಾಗಿರಬೇಕು ಎಂಬುದು ಅವಳಿಗೆ ಆಗ ಗೊತ್ತಾಯಿತು. ಆದರೂ ಮೆಟ್ಟಿಲು ಹತ್ತಿದಳು. ಚೇತನಕುಮಾರ ಕಣ್ಣು ಬಿಟ್ಟು ನೋಡಿದ. ಮೊದಲು ಅವಳನ್ನು, ಆಮೇಲೆ ಟಾವೆಲ್ಲನ್ನು. ಎಷ್ಟೆಂದರೂ ಈ ಕಡೆಯ ಹುಡುಗ, ಹೆಗಲು ತಾನಾಗಿಯೇ ಬಾಗಿತು. ಹೊದಿಸಿದ ಮೇಲೆ ಮೈಕಿನಲ್ಲೇ ಕೇಳಿದ:

“ಯಾರ ಹೆಸರಿಲೆ ಆಯೇರಿ ರೀ?”

ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದ. ಹೆಸರು ಹೇಳಬೇಡ ಎಂದಿದ್ದ ಅಪ್ಪ. ಅಪ್ಪನ ಮಾತು ಮೀರುವುದು ಅವಳಿಗೇನು ಹೊಸದಲ್ಲ.

“ತಾಂಬಾದ ಗೌಂಡಿ ಚಂದಪ್ಪ,” ಎಂದಳು. “ನಮ್ಮಪ್ಪ ರೀ.”

“ತಾಂಬಾದ ಗೌಂಡಿ ಚಂದಪ್ಪನವರ ಆಯೇರಿ ಬಂದೈತಿ, ಅವರ ಮನಿ ತಣ್ಣಗಿರಲಿ,” ಎಂದು ಚೇತನಕುಮಾರ ಸಾರಿ, ಬಿಟ್ಟ ಸಾಲಿನಿಂದ ಎತ್ತಿಕೊಂಡ. ಇಳಿದು ಬರುವಾಗ ಅವಳ ಕಣ್ಣು ಮೊದಲ ಸಾಲಿನ ಮುಂದೆ ಹುಡುಕಿತು. ಗಿಡ್ಡ ಸ್ಟ್ಯಾಂಡು ಇರಲಿಲ್ಲ, ಜನರ ಕಡೆ ಮುಖ ಮಾಡಿದ ಮೈಕೂ ಇರಲಿಲ್ಲ. ಅವತ್ತು ಯಾರೂ ಏನನ್ನೂ ರೆಕಾರ್ಡ್ ಮಾಡುತ್ತಿರಲಿಲ್ಲ. ನಾಚಿಕೆಯೆಂದದ್ದು ಮಾತ್ರ ಆಲ್ಬಮ್ಮಿನಲ್ಲಿ ಉಳಿಯಿತು.

ಕಾರ್ಯಕ್ರಮ ಮುಗಿಯುವವರೆಗೂ ತಾಳಲಾಗದೆ ಹೊರಗೆ ಬಂದು ಅಪ್ಪನಿಗೆ ಫೋನು ಹಚ್ಚಿದಳು.

“ಕೊಟ್ಟಿಯೇನವ್ವಾ?”

“ಕೊಟ್ಟೇನಪ್ಪಾ. ನಡು ಹಾಡಿನ್ಯಾಗ.”

“ಹೆಸರ ಹೇಳಿಲ್ಲ ಹೌದಿಲ್ಲೋ?”

“ಹೇಳೇನಿ. ನಮ್ಮಪ್ಪ ಅಂತ ಹೇಳೇನಿ. ಮೈಕಿನ್ಯಾಗ.”

ಆ ಕಡೆ ಮಾತೇ ಇಲ್ಲ. ಫೋನು ಕಡಿಯಿತೇ ಎಂದು ನೋಡಿದಳು, ಕಡಿದಿರಲಿಲ್ಲ. ಏನಾದರೂ ಹೇಳಬೇಕೆನ್ನಿಸಿತು. ಈ ಸಲ ಬಾಯಿ ಮುಚ್ಚಿಕೊಂಡು ಕಾದಳು.

“ರೆಕಾರ್ಡ್ ಮಾಡ್ಕೊಂಡಾರೇನು?” ಎಂದು ಕೊನೆಗೆ ಚಂದಪ್ಪ ಕೇಳಿದ.

“ಇಲ್ಲಪ್ಪಾ,” ಎಂದಳು ಪ್ರಜ್ಞಾ. ಅಳು ತಡೆಯಲಾಗಲಿಲ್ಲ. “ಈ ಸಲ ಮಾಡ್ಕೊಂಡಿಲ್ಲ.”

“ಇರ್ಲಿ ಬಿಡು, ಅಳಬ್ಯಾಡ. ಊರಿಗೆ ಬಂದಾಗ ಇನ್ನೊಮ್ಮಿ ಹೇಳಂತಿ. ನನ್ನ ಬಲಗಿವಿ ಕಡೆ ಕುಂತು ಹೇಳು.”